ಕೂಸಿನೊಡನೆ ದೂರದ ದಾರಿ

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಓದುಗ ಕುಟುಂಬವೊಂದು ಈ ಸಲ ಮನೆಯೊಳಗಿನ ಒಂದು ವಾದವನ್ನು ನಮ್ಮ ಮುಂದಿರಿಸಿದೆ. ಐದು ತಿಂಗಳ ಕೂಸನ್ನು ಕಾರಿನಲ್ಲಿ ವಿಜಯಪುರದ ಸಮೀಪದ ತಮ್ಮ ಊರಿಗೆ ಕರೆದೊಯ್ಯಬೇಕಾಗಿದೆ. ಅಲ್ಲಿ ಮುತ್ತಜ್ಜಿಯು ಮರಿಮಗುವಿನ ಮುಖವನ್ನು ಇನ್ನೂ ಕಂಡಿಲ್ಲ. ಮಗುವಿಗಾಗಿ ಕಾರಿನೊಳಗೆ ಕೂರಿಸುವ ಪ್ರತ್ಯೇಕ ಆಸನವನ್ನು ಕೊಳ್ಳಬೇಕೆಂದು ಸೊಸೆ ಹೇಳುತ್ತಾಳೆ. "ನನ್ನ ಉಡಿ ಇರೂವಾಗ ಕೂಸಿಗೆ ಪ್ಲಾಸ್ಟಿಕ್ ಕುರ್ಚಿ ಯಾಕ ಬೇಕು?" ಎಂದು ಅತ್ತೆಯವರು ಕೇಳುತ್ತಾರೆ. ಮಗನು ಇಬ್ಬರ ನಡುವೆ ಮೌನ ವಹಿಸಿದ್ದಾನೆ. ಪತ್ರ ಬರೆದವರು ಮಾವನವರು. ತೀರ್ಪು ಯಾರ ಕಡೆಗಾದರೂ ಮನೆಯಲ್ಲಿ ಮನಸ್ತಾಪ ಉಳಿಯದಂತೆ ಬರೆಯಬೇಕೆಂದೂ ಅವರು ಕೋರಿದ್ದಾರೆ. ಆ ಕೋರಿಕೆಯನ್ನು ಪೂರ್ಣವಾಗಿ ನಡೆಸಿಕೊಡಲು ನಮ್ಮಿಂದಾಗದು. ಸೊಸೆಯ ಮಾತೇ ಸರಿ.

ಅತ್ತೆಯವರ ಮಾತಿನಲ್ಲಿ ಹುರುಳಿಲ್ಲವೆಂದು ಇದರ ಅರ್ಥವಲ್ಲ. ನಾವು ಬಾಲ್ಯದಲ್ಲಿ ಕಂಡ ಪಯಣವೆಂದರೆ ಎತ್ತಿನ ಬಂಡಿಯದು. ಜಾತ್ರೆಗೆ ಹೊರಟ ಬಂಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವಿ, ಬಾಣಂತಿಯನ್ನು ಮಧ್ಯದಲ್ಲಿ ಕುಳ್ಳಿರಿಸುತ್ತಿದ್ದರು. ಎತ್ತುಗಳು ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಿದ್ದವು. ಗಾಲಿಯು ಕಲ್ಲನ್ನೇರಿ ಇಳಿದರೆ ತಾಯಿಯ ತೋಳು ತಾನಾಗಿಯೇ ಬಿಗಿಯಾಗುತ್ತಿತ್ತು, ಕೂಸು ಕಣ್ಣು ಸಹ ತೆರೆಯುತ್ತಿರಲಿಲ್ಲ. ಆ ವೇಗಕ್ಕೆ ಮಡಿಲಿಗಿಂತ ಲೇಸಾದ ಆಸನವನ್ನು ಯಾವ ಶಿಲ್ಪಿಯೂ ರಚಿಸಲಾರ. ಇಂದು ಅದೇ ಮಡಿಲನ್ನು ನಾವು ಗಂಟೆಗೆ ಎಂಬತ್ತು, ನೂರು ಕಿಲೋಮೀಟರ್ ಓಡುವ ವಾಹನದಲ್ಲಿ ಇರಿಸಿದ್ದೇವೆ. ತೋಳುಗಳು ಮಾತ್ರ ಬಂಡಿಯ ಕಾಲದವೇ.

ಲೆಕ್ಕವು ಶಾಲೆಯ ಭೌತಶಾಸ್ತ್ರದ್ದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ಕಾರು ಯಾವುದಕ್ಕಾದರೂ ಬಡಿದು ಒಮ್ಮೆಲೇ ನಿಂತರೆ, ಒಳಗೆ ಕಟ್ಟಿಹಾಕಿರದ ದೇಹವು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಷ್ಟೇ ರಭಸದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ವೇಗ 80 ಕಿ.ಮೀ. ಆಗಿದ್ದರೆ ಆ ಎತ್ತರ 25 ಮೀಟರ್. ಏಳು ಕಿಲೋ ತೂಗುವ ಕೂಸು ಅಂಥ ಗಳಿಗೆಯಲ್ಲಿ ಒಂದು ಕ್ವಿಂಟಲಿಗೂ ಮೀರಿದ ಭಾರವಾಗಿ ತೋಳನ್ನು ಜಗ್ಗುತ್ತದೆ. ಕಾಳಿನ ಚೀಲ ಹೊತ್ತು ಬಲ್ಲ ನಮ್ಮ ರೈತ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಅಜ್ಜಿಯ, ಯಾವ ಪೈಲ್ವಾನನ ತೋಳೂ ಅದನ್ನು ತಡೆದು ನಿಲ್ಲಿಸದು. ಅಜ್ಜಿಯು ತಾನೇ ಬೆಲ್ಟು ಧರಿಸದೆ ಕುಳಿತಿದ್ದರೆ ಆಕೆಯ ದೇಹದ ಭಾರವೂ ಕೂಸಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ಇಬ್ಬರನ್ನೂ ಸೇರಿಸಿ ಕಟ್ಟುವ ಜಾಣತನ ಇದಕ್ಕಿಂತಲೂ ಕೆಟ್ಟದ್ದು. "ನಮ್ಮ ಮಕ್ಕಳನ್ನು ತೊಡೆಯ ಮೇಲೆಯೇ ತಂದೆವು, ಏನೂ ಆಗಲಿಲ್ಲ" ಎಂಬ ಮಾತನ್ನು ನಾವು ಹಲವು ಮನೆಗಳಲ್ಲಿ ಕೇಳಿದ್ದೇವೆ. ಏನೂ ಆಗದಿದ್ದುದಕ್ಕೆ ಕಾರಣ ಆ ದಿನ ವಾಹನವು ಯಾವುದಕ್ಕೂ ಬಡಿಯಲಿಲ್ಲವೆಂಬುದಷ್ಟೇ.

ಈ ಆಸನದ ಹುಟ್ಟು ಸ್ವಾರಸ್ಯವಾದುದು. ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ ಸಂಶೋಧಕರು 1960ರ ದಶಕದ ಮೊದಲ ವರ್ಷಗಳಲ್ಲಿ, ಬಾಹ್ಯಾಕಾಶಯಾತ್ರಿಗಳು ಬೆನ್ನನ್ನು ಪೂರ್ಣವಾಗಿ ಒರಗಿಸಿಕೊಂಡು ಮೇಲೇರುವ ರಭಸವನ್ನು ತಾಳಿಕೊಳ್ಳುವ ಬಗೆಯನ್ನು ಗಮನಿಸಿದರು. ಎಳೆಯ ಮಗುವನ್ನೂ ಹಾಗೆಯೇ, ಕಾರಿನ ಹಿಂಬದಿಗೆ ಮುಖ ಮಾಡಿಸಿ ಕೂರಿಸಿದರೆ ಹೊಡೆತದ ಬಲವು ಇಡೀ ಬೆನ್ನಿಗೆ ಹರಡಿಹೋಗುತ್ತದೆಂಬುದು ಅವರಿಗೆ ಹೊಳೆಯಿತು. ಕೂಸಿನ ತಲೆಯು ದೇಹದ ಅಳತೆಗೆ ಬಲು ದೊಡ್ಡದು, ಕುತ್ತಿಗೆ ಎಳೆಯದು. ಮುಂದೆ ಮುಖ ಮಾಡಿ ಕುಳಿತಿದ್ದರೆ ಆ ತಲೆಯ ಭಾರವನ್ನೆಲ್ಲ ಕುತ್ತಿಗೆಯೊಂದೇ ಹೊರಬೇಕಾಗುತ್ತದೆ. ಆದುದರಿಂದಲೇ ಯುರೋಪಿನ ಈಚಿನ ನಿಯಮವು ಮಗುವಿಗೆ 15 ತಿಂಗಳು ತುಂಬುವವರೆಗೆ ಹಿಂದಕ್ಕೆ ಮುಖ ಮಾಡಿಯೇ ಕೂರಿಸಬೇಕೆನ್ನುತ್ತದೆ. ನಮ್ಮ ದೇಶದಲ್ಲಿಯೂ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಗಿ 194ಬಿ ಕಲಮು ಸೇರಿತು. ಅದರಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದರೆ 1,000 ರೂಪಾಯಿ ದಂಡವಿದೆ. ದಂಡದ ಅಂಜಿಕೆಯಿಂದ ಆಸನ ಕೊಳ್ಳಿರೆಂದು ನಾವು ಹೇಳುವುದಿಲ್ಲ. ಆದರೆ ತೊಟ್ಟಿಲ ಶಾಸ್ತ್ರದ ಊಟಕ್ಕೂ ಪೆಂಡಾಲಿಗೂ ಹಿಂದೆಮುಂದೆ ನೋಡದೆ ವೆಚ್ಚ ಮಾಡುವ ಮನೆಯವರು ಈ ಒಂದು ವಸ್ತುವಿನ ಬೆಲೆ ಕೇಳಿದೊಡನೆ ಮಿತವ್ಯಯಿಗಳಾಗುವುದು ನಮಗೆ ಸೋಜಿಗವೆನಿಸಿದೆ.

ಕೊಂಡ ಆಸನವನ್ನು ಹಿಂದಿನ ಸೀಟಿನಲ್ಲಿಯೇ ಕಟ್ಟಬೇಕು. ಮುಂದಿನ ಸೀಟಿನ ಎದುರು ಏರ್‌ಬ್ಯಾಗ್ ಇರುವುದರಿಂದ, ಅದು ಸಿಡಿದು ಉಬ್ಬಿದಾಗ ಹಿಂದಕ್ಕೆ ಮುಖ ಮಾಡಿದ ಕೂಸಿನ ತಲೆಗೆ ಪ್ರಾಣಾಂತಕವಾದ ಹೊಡೆತ ಬೀಳುತ್ತದೆ. ಆಸನವನ್ನು ಬಿಗಿಯುವ ವಿಧಾನವನ್ನು ಹೊರಡುವ ಮುಂಜಾನೆ ಕಲಿಯುವುದಲ್ಲ, ನಾಲ್ಕು ದಿನ ಮೊದಲೇ ಮನೆಯ ಅಂಗಳದಲ್ಲಿ ಕಲಿಯಬೇಕು. ಮಗುವಿಗೂ ಊರೊಳಗಿನ ಸಣ್ಣ ಸುತ್ತಾಟಗಳಲ್ಲಿ ಅದರ ರೂಢಿ ಮಾಡಿಸಬೇಕು.

ಇನ್ನೊಂದು ಸಂಗತಿಯನ್ನು ನಮ್ಮ ಉತ್ತರದ ಜಿಲ್ಲೆಗಳ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಕೂಸಿಗೆ ಕುಂಚಿಗೆ ಕಟ್ಟಿ, ಕುಲಾವಿ ಹಾಕಿ, ಮೇಲೆ ದುಪ್ಪಟಿ ಸುತ್ತಿ, ಆ ಗಂಟನ್ನೇ ಆಸನದಲ್ಲಿರಿಸಿ ಪಟ್ಟಿ ಬಿಗಿದರೆ, ಪಟ್ಟಿಯು ಬಿಗಿದಂತೆ ತೋರಿದರೂ ಒಳಗೆ ಸಡಿಲವಾಗಿಯೇ ಉಳಿಯುತ್ತದೆ. ರಭಸದಲ್ಲಿ ಬಟ್ಟೆಯ ದಪ್ಪವೆಲ್ಲ ಅಡಗಿ ಕೂಸು ಜಾರಿಬಿಡುತ್ತದೆ. ತೆಳುವಾದ ಅಂಗಿಯ ಮೇಲೆ ಪಟ್ಟಿಯನ್ನು ಬಿಗಿದು, ಚಳಿಯಿದ್ದರೆ ಅದರ ಮೇಲೆ ಹೊದಿಸಬೇಕು. ಮುಖದ ಮೇಲೆ ಸೆರಗು ಮುಚ್ಚುವುದು ಬೇಡ. ಬಿಸಿಲಿಗೆ ಕಿಟಕಿಯ ಗಾಜಿಗೆ ಪರದೆ ಹಾಕಿದರೆ ಸಾಕು. ಕೊರಳಿನಲ್ಲಿ ತಾಯಿತ, ಕರಿದಾರ, ಸರ ಯಾವುದೂ ಇರಬಾರದು. ನಿದ್ರೆಯಲ್ಲಿ ತಲೆ ವಾಲಿದಾಗ ಅವು ಪಟ್ಟಿಗೆ ಸಿಲುಕಿ ಬಿಗಿಯುವ ಅಪಾಯವಿದೆ. ಶಿವದಾರದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಪಯಣದ ಹೊತ್ತಿಗೆ ಅದನ್ನು ತಾಯಿಯು ತನ್ನ ಬಳಿ ಇರಿಸಿಕೊಂಡರೆ ಲೋಪವಿಲ್ಲವೆಂದು ನಮ್ಮ ಅಭಿಪ್ರಾಯ. ಮನಸ್ಸು ಒಪ್ಪದವರು ತಮ್ಮ ಮನೆಯ ಗುರುಗಳನ್ನು ಕೇಳಿಕೊಂಡೇ ಹೊರಡಲಿ.

ಅತ್ತೆಯವರ ಸ್ಥಾನ ಹಿಂದಿನ ಸೀಟಿನಲ್ಲಿ, ಕೂಸಿನ ಪಕ್ಕದಲ್ಲಿಯೇ. ಹಿಂದಕ್ಕೆ ಮುಖ ಮಾಡಿದ ಮಗುವಿಗೆ ಮುಂದೆ ಕುಳಿತವರು ಯಾರೂ ಕಾಣರು. ಪಕ್ಕದಲ್ಲಿ ಬಲ್ಲ ಮುಖವೊಂದಿದ್ದು, ಬೆರಳನ್ನು ಹಿಡಿಸಿ ಜೋಗುಳ ಹಾಡುವವರಿದ್ದರೆ ಅರ್ಧ ಅಳು ಅಲ್ಲಿಗೇ ನಿಲ್ಲುತ್ತದೆ. ಮಗುವಿನ ಗದ್ದವು ಎದೆಗೆ ಒತ್ತಿ ಉಸಿರಿಗೆ ತೊಡಕಾಗದಂತೆ ಆಗಾಗ ನೋಡುತ್ತಿರುವ ಹೊಣೆಯೂ ಅವರದೇ. ಇದು ಮಡಿಲಿನ ಕೆಲಸಕ್ಕಿಂತ ಹೆಚ್ಚಿನದೆಂದು ಮಾವನವರು ತಿಳಿಸಿ ಹೇಳಲಿ.

ಇನ್ನು ದಾರಿಯ ಮಾತು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರುಗಳ ಮೇಲೆ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ಅಲ್ಲಿಂದ ಹೆದ್ದಾರಿ ಬದಲಾಗಿ ಹೊಸಪೇಟೆಗೆ ಸುಮಾರು 140, ಮುಂದೆ ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ಹಾಯ್ದು ವಿಜಯಪುರಕ್ಕೆ ಹತ್ತಿರಹತ್ತಿರ 200. ರಸ್ತೆಯು ಈಗ ಬಹುಪಾಲು ವಿಶಾಲವಾಗಿರುವುದರಿಂದ ತರುಣರು ಇದನ್ನು ಒಂದೇ ಹಗಲಿನಲ್ಲಿ ಮುಗಿಸುತ್ತಾರೆ. ಕೂಸಿನೊಡನೆ ಅದು ಎರಡು ದಿನಗಳ ದಾರಿ. ಎಳೆಯ ಮಗುವನ್ನು ಆ ಆಸನದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಇರಿಸಬಾರದು. ಹೊರತೆಗೆದು, ಬೆನ್ನು ಚಾಚಿ ಮಲಗಿಸಿ, ಬಟ್ಟೆ ಬದಲಿಸಿ, ಹಾಲೂಡಿಸಿ, ತೇಗು ಬರಿಸಿ ಮತ್ತೆ ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊರಟು ಮಧ್ಯಾಹ್ನ ಇಳಿಯುವುದರೊಳಗೆ ಹೊಸಪೇಟೆ ಸೇರಿ ತಂಗುವುದು ಉತ್ತಮ. ಮಗು ರೇಗಿದರೆ ಚಿತ್ರದುರ್ಗದಲ್ಲಿಯೇ ನಿಂತುಬಿಡಬೇಕು. ಊರಿನಲ್ಲಿ ಕಾಯುವವರಿಗೆ "ಇಷ್ಟು ಗಂಟೆಗೆ ಮುಟ್ಟುತ್ತೇವೆ" ಎಂಬ ಮಾತನ್ನು ಕೊಡಲೇಬಾರದು. ಆ ಮಾತನ್ನು ಉಳಿಸಿಕೊಳ್ಳುವ ಆತುರದಲ್ಲಿಯೇ ವಾಹನದ ವೇಗ ಏರುತ್ತದೆ.

ಕೂಸು ನಿದ್ರಿಸುತ್ತದೆಂದು ರಾತ್ರಿಯ ಪಯಣವನ್ನು ಮೆಚ್ಚುವವರು ಬಹಳ. ಕೂಸಿನೊಡನೆ ಚಾಲಕನಿಗೂ ನಿದ್ರೆ ಬರುತ್ತದೆಂಬುದನ್ನು ಅವರು ಮರೆಯುತ್ತಾರೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು, ತಿಂಗಳುಗಳಿಂದ ನಡುರಾತ್ರಿಯಲ್ಲಿ ಮಗುವಿನ ಅಳುವಿಗೆ ಎದ್ದು, ನಿದ್ರೆಗೆಟ್ಟ ತಂದೆಯೇ ಇಲ್ಲಿ ಚಾಲಕ. ದೀಪವಿಲ್ಲದೆ ರಸ್ತೆಯ ಅಂಚಿನಲ್ಲಿ ನಿಂತ ಲಾರಿಗಳು ಇಂಥವನಿಗಾಗಿಯೇ ಕಾದಿರುತ್ತವೆ.

ಹಾಲಿನ ವಿಷಯಕ್ಕೆ ಬಂದರೆ, ವಾಹನ ಓಡುತ್ತಿರುವಾಗ ಮಗುವನ್ನು ಆಸನದಿಂದ ತೆಗೆದು ಎದೆಗಿಟ್ಟುಕೊಳ್ಳುವುದು ಅತಿ ಸಾಮಾನ್ಯವಾದ ರೂಢಿ. "ಐದೇ ನಿಮಿಷ" ಎನ್ನುತ್ತಾರೆ. ವಾಹನವನ್ನು ಪೆಟ್ರೋಲ್ ಬಂಕಿನಲ್ಲಿಯೋ ಹೋಟೆಲಿನ ಆವರಣದಲ್ಲಿಯೋ ನಿಲ್ಲಿಸಿಯೇ ಹಾಲೂಡಿಸಬೇಕು, ಹೆದ್ದಾರಿಯ ಅಂಚಿನಲ್ಲಲ್ಲ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿರುಬೇಸಿಗೆಯಲ್ಲಿಯೂ ಮೇಲುನೀರು ಬೇಡ. ಬೇಸಿಗೆಯಲ್ಲಿ ನೀರು ಬೇಕಾದದ್ದು ತಾಯಿಗೆ. ಇಲ್ಲಿಯೇ ನಮ್ಮ ಕುಟುಂಬಗಳಲ್ಲಿ ಯಾರೂ ಬಾಯಿ ಬಿಟ್ಟು ಆಡದ ಒಂದು ಕಷ್ಟವಿದೆ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳು ಹೊರಡುವ ಹಿಂದಿನ ರಾತ್ರಿಯಿಂದಲೇ ನೀರನ್ನು ಬಿಡುತ್ತಾರೆ. ಗಂಡಸರು ಎಲ್ಲಿ ಬೇಕಾದಲ್ಲಿ ವಾಹನ ನಿಲ್ಲಿಸಿ ಇಳಿಯುತ್ತಾರೆ, ಬಾಣಂತನ ಮುಗಿದು ತಿಂಗಳೆರಡು ಕಳೆಯದ ತಾಯಿ ಹಸಿದ ಕೂಸಿಗೆ ಹಾಲೂಡಿಸುತ್ತ ಒಣಗಿದ ತುಟಿಯಲ್ಲಿ ಕುಳಿತಿರುತ್ತಾಳೆ. ಹಾಗೆ ಕುಳಿತವಳಿಗೆ ತಲೆನೋವು, ಮೂತ್ರದ ಉರಿ, ಮಲಬದ್ಧತೆಗಳು ಬರುವುದು ಸಹಜ. ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನು ಆಕೆಯ ಅನುಕೂಲ ನೋಡಿ ಮೊದಲೇ ಗೊತ್ತುಮಾಡಿಕೊಳ್ಳುವುದು ಗಂಡನ ಕರ್ತವ್ಯ. ಆಕೆಯು ಕೇಳುವವರೆಗೆ ಕಾಯಬಾರದು, ಏಕೆಂದರೆ ಅತ್ತೆ ಮಾವಂದಿರ ಎದುರು ಆಕೆ ಕೇಳಲಾರಳು.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಮಲಗಿದ ಕೂಸನ್ನು ಬಿಟ್ಟು ಚಹಾ ಕುಡಿಯಲು ಇಳಿಯುವವರನ್ನು ನಾವು ಕಂಡಿದ್ದೇವೆ. ಹೊರಗೆ 35 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 50 ಡಿಗ್ರಿ ದಾಟುತ್ತದೆ. ವಿಜಯಪುರದ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೇ 40 ಇರುತ್ತದೆ. ಎಳೆಯ ದೇಹ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಎಚ್ಚರಗೊಳಿಸಿದರೆ ಅಳುತ್ತದೆಂಬ ಕಾರಣಕ್ಕೆ ಬಿಟ್ಟು ಇಳಿಯುವುದು ಬೇಡವೇ ಬೇಡ.

ದಾರಿಯುದ್ದಕ್ಕೂ ಮಲಗಲೆಂದು ನೆಗಡಿಯ ಸಿರಪ್ಪನ್ನು ಒಂದು ಚಮಚ ಹಾಕಿ ಹೊರಡುವ ರೂಢಿಯೂ ಕೆಲವು ಮನೆಗಳಲ್ಲಿದೆ. ಇಂಥ ಸಿರಪ್ಪುಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎಂಬೆರಡು ಔಷಧಗಳ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ಕೂಸು ಅಳುವುದು ರೋಗವಲ್ಲ, ಅದಕ್ಕೆ ಮದ್ದೂ ಬೇಡ. ಚುಚ್ಚುಮದ್ದು ಹಾಕಿಸಿದ ಮರುದಿನ ಮಾತ್ರ ಹೊರಡಬೇಡಿ, ಜ್ವರ ಬರುವುದುಂಟು. ತಾಯಿ ಕಾರ್ಡು ಕೈಚೀಲದಲ್ಲಿರಲಿ. ಆಂಬ್ಯುಲೆನ್ಸಿಗೆ 108, ಹೆದ್ದಾರಿಯ ನೆರವಿಗೆ 1033 ಎಂಬೆರಡು ಸಂಖ್ಯೆಗಳು ನೆನಪಿರಲಿ.

ಎರಡನೆಯ ದಿನ ಹುನಗುಂದ ದಾಟಿದ ಮೇಲೆ ಕೂಡಲಸಂಗಮಕ್ಕೆ ಹೊರಳದೆ ಮುಂದುವರಿಯುವ ಭಕ್ತರು ವಿರಳ. ಹೋಗಬಹುದು, ಆದರೆ ನಡುಹಗಲನ್ನು ತಪ್ಪಿಸಬೇಕು. ಐಕ್ಯಮಂಟಪದ ಮೆಟ್ಟಿಲುಗಳು ಬಾವಿಗಿಳಿದಂತೆ ಕೆಳಗಿಳಿಯುತ್ತವೆ. ದೊಡ್ಡವರು ಒಬ್ಬೊಬ್ಬರಾಗಿ ಇಳಿದು ದರ್ಶನ ಪಡೆಯಲಿ. ಕೂಸು ಮೇಲೆ ನೆರಳಿನಲ್ಲಿ ಅಜ್ಜಿಯ ಉಡಿಯಲ್ಲಿರಲಿ.

ಬಾಡಿಗೆ ಕಾರಿನಲ್ಲಿ ಹೋಗುವವರಿಗೆ ಚಾಲಕನು ಮಕ್ಕಳ ಆಸನ ತರುವನೆಂಬ ನಿರೀಕ್ಷೆ ಬೇಡ. ಸಾಮಾನ್ಯ ಬೆಲ್ಟಿನಿಂದಲೇ ಬಿಗಿಯಬಹುದಾದ ಆಸನಗಳಿವೆ, ಅಂಥದನ್ನು ನಾವೇ ಒಯ್ಯಬೇಕು. ಆಸನ ಕೊಳ್ಳುವ ಅನುಕೂಲವಿಲ್ಲದವರು ಕಾರಿನ ಆಸೆಯನ್ನು ಬಿಟ್ಟು ರೈಲಿನಲ್ಲಿ ಹೋಗುವುದು ಲೇಸು. ಬೆಂಗಳೂರಿನಿಂದ ಹುಬ್ಬಳ್ಳಿ, ಗದಗ, ಬಾಗಲಕೋಟೆಗಳ ಮೂಲಕ ವಿಜಯಪುರಕ್ಕೆ ರಾತ್ರಿಯ ರೈಲಿದೆ. ಶೌಚಾಲಯ ಅದರೊಳಗೇ ಇದೆ, ತಾಯಿಯು ಕಾಲು ಚಾಚಿ ಮಲಗಬಹುದು, ಚಾಲಕನ ನಿದ್ರೆಯ ಚಿಂತೆ ನಮ್ಮದಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತು ಕೇಳದಿದ್ದರೆ ಟಿಕೇಟು ಬೇಕಿಲ್ಲ. ತಾಯಿಗೆ ಕೆಳಗಿನ ಬರ್ತು ಸಿಗುವಂತೆ ಹಬ್ಬ, ರಜೆಗಳ ಮುನ್ನವೇ ಕಾದಿರಿಸಿಕೊಳ್ಳಬೇಕು.