ಹೊಸ ಪ್ರಶ್ನೆಗೆ ಹೊಸ ಪತ್ರ

ಹುನಗುಂದದಲ್ಲಿ ಬೋಧನಾಭ್ಯಾಸ. ಮರುದಿನ 10ನೇ ತರಗತಿಗೆ ಓಮ್‌ನ ನಿಯಮ. ಜೀವಶಾಸ್ತ್ರ ಓದಿದ ನನಗೆ, ಅಮ್ಮೀಟರಿನ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಸರಿದದ್ದೇಕೆಂದು ತಿಳಿಯಲಿಲ್ಲ. ಪ್ರಶಿಕ್ಷಣಾರ್ಥಿಗಳ ಇಮೇಲ್ ಗುಂಪಿನಲ್ಲಿ ಕೇಳಿದೆ. ಆದರೆ ‘ರಜೆ ಅರ್ಜಿ’ ಎಂಬ ಹಳೆಯ ಪತ್ರಕ್ಕೆ ಉತ್ತರವಾಗಿ. ಯಾರೂ ತೆರೆಯಲಿಲ್ಲ. ಮಕ್ಕಳೆದುರು ಪ್ರಯೋಗ ಕೈಬಿಟ್ಟೆ. ಧನ, ಋಣ ತುದಿಗಳು ಅದಲುಬದಲಾಗಿದ್ದವು. ಬಾದಾಮಿಯಲ್ಲಿದ್ದ ಗೆಳತಿಗೆ ಅದು ಗೊತ್ತಿತ್ತು.

2011ರಲ್ಲಿ ಆರಂಭವಾದ ರಾಜ್ಯದ ವಿಷಯ ಶಿಕ್ಷಕರ ವೇದಿಕೆಯಲ್ಲಿ ವಿಷಯವಾರು ಇಮೇಲ್ ಗುಂಪುಗಳಿದ್ದವು. ಗುಂಪು ಬೇರೆಯಾದರೆ ಸಾಲದು, ಪ್ರತಿ ಪ್ರಶ್ನೆಗೂ ತನ್ನದೇ ತಲೆಬರಹ ಬೇಕು. ಹೊಸ ಪ್ರಶ್ನೆಗೆ ಹೊಸ ಪತ್ರ, ಉತ್ತರ ಆ ಪ್ರಶ್ನೆಗೇ, ‘ಧನ್ಯವಾದ’ ಉತ್ತರಿಸಿದವರಿಗಷ್ಟೇ. ಇದು ಬರೀ ಶಿಷ್ಟಾಚಾರವೆಂದರೆ ಒಪ್ಪಲಾರೆ. ಪಾಠಯೋಜನೆ ಬರೆಯಲು ಕಲಿಸುವಾಗಲೇ ಇದನ್ನೂ ಕಲಿಸಬೇಕು. ಪ್ರಶ್ನೆ ಕಳೆದುಹೋದರೆ ನಷ್ಟ ಮಕ್ಕಳದ್ದು.