ಊರವರು ಊರಲ್ಲಿಲ್ಲದಾಗ

ವೆಸ್ಟ್ ಇಂಡೀಸ್ ಕ್ರಿಕೆಟ್ಟನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಆಂಟಿಗುವಾ ಎಂಬ ಹೆಸರು ಹೊಸದಲ್ಲ. ವಿವಿಯನ್ ರಿಚರ್ಡ್ಸ್ ಹುಟ್ಟಿದ ದ್ವೀಪವದು. ಆ ದೇಶದ ಪೂರ್ಣ ಹೆಸರು ಆಂಟಿಗುವಾ ಮತ್ತು ಬಾರ್ಬುಡಾ. ಎರಡನೆಯ ಹೆಸರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಸುಮಾರು 160 ಚದರ ಕಿಲೋಮೀಟರಿನ, ಸುಣ್ಣಕಲ್ಲಿನ ತಳಹದಿಯ ಚಪ್ಪಟೆ ದ್ವೀಪ ಬಾರ್ಬುಡಾ. ಇರುವುದು ಕಾಡ್ರಿಂಗ್ಟನ್ ಎಂಬ ಒಂದೇ ಊರು, ಜನ ಎರಡು ಸಾವಿರಕ್ಕೂ ಕಡಿಮೆ. ಅಲ್ಲಿನ ಕಡಲತಡಿಯಲ್ಲಿ ಇಂದು ಜಗತ್ತಿನ ಅತಿ ಶ್ರೀಮಂತರಿಗಾಗಿ ಬಾರ್ಬುಡಾ ಓಷನ್ ಕ್ಲಬ್ ಎಂಬ ವಸತಿ ಸಮುಚ್ಚಯ ಏಳುತ್ತಿದೆ. ಗಾಲ್ಫ್ ಮೈದಾನ ಮೈದಳೆದಿದೆ, ಬಂಗಲೆಗಳು ಒಂದೊಂದಾಗಿ ನಿಲ್ಲುತ್ತಿವೆ. ಕಟ್ಟುವವರ ಲೆಕ್ಕದಲ್ಲಿ ಕಾಮಗಾರಿ ಪ್ರಗತಿಯಲ್ಲಿದೆ. ಆ ಪ್ರಗತಿ ಎಲ್ಲಿಂದ ಆರಂಭವಾಯಿತೆಂಬುದೇ ಈ ಬಾರಿಯ ಸಂಪಾದಕೀಯದ ವಿಷಯ.

ಬಾರ್ಬುಡಾವನ್ನು 1685ರಿಂದ 1870ರವರೆಗೆ ಕಾಡ್ರಿಂಗ್ಟನ್ ಎಂಬ ಇಂಗ್ಲಿಷ್ ಮನೆತನ ಗುತ್ತಿಗೆಗೆ ಹಿಡಿದಿತ್ತು. 1834ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಆಫ್ರಿಕದಿಂದ ಎಳೆತಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ನಿಂತರು. ಯಾರೂ ಬೇಲಿ ಹಾಕಿಕೊಳ್ಳಲಿಲ್ಲ. ಒಂದು ತುಂಡಿನಲ್ಲಿ ಕೆಲವು ವರ್ಷ ಬೆಳೆ ತೆಗೆದು, ಮಣ್ಣು ಸೋತಾಗ ಬೀಳು ಬಿಟ್ಟು ಮುಂದಿನ ತುಂಡಿಗೆ ಹೋಗುವುದು ಅವರ ಬೇಸಾಯಕ್ರಮ. ದನಗಳು ದ್ವೀಪದ ತುಂಬ ಮೇಯುತ್ತವೆ. ನಮ್ಮ ಅಜ್ಜಂದಿರು ಕುಮರಿ ಎಂದು ಕರೆದ ಪದ್ಧತಿಯ ದೂರದ ನೆಂಟ ಎನ್ನಬಹುದು. ತೆಳುಮಣ್ಣಿನ ನೆಲದಲ್ಲಿ ಇದಕ್ಕಿಂತ ಜಾಣ ಕ್ರಮವನ್ನು ಮಣ್ಣುಶಾಸ್ತ್ರ ಓದಿದ ನಾನೂ ಸೂಚಿಸಲಾರೆ. ಈ ರೂಢಿಯನ್ನೇ 2007ರ ಬಾರ್ಬುಡಾ ಭೂ ಕಾಯಿದೆ ಬರಹಕ್ಕಿಳಿಸಿತು: ನೆಲವೆಲ್ಲ ಬಾರ್ಬುಡಾದ ಜನರ ಸಾಮುದಾಯಿಕ ಸೊತ್ತು, ಅದನ್ನು ಮಾರುವಂತಿಲ್ಲ, ದೊಡ್ಡ ಯೋಜನೆಗಳಿಗೆ ಜನರ ಬಹುಮತದ ಒಪ್ಪಿಗೆ ಬೇಕು.

ಕಾಯಿದೆಗೆ ಮೊದಲ ಬಿರುಕು ಬಿದ್ದದ್ದು 2015ರಲ್ಲಿ. ಹಾಲಿವುಡ್ ನಟ ರಾಬರ್ಟ್ ಡಿ ನೀರೋ ಮತ್ತು ಆಸ್ಟ್ರೇಲಿಯದ ಉದ್ಯಮಿ ಜೇಮ್ಸ್ ಪ್ಯಾಕರ್ ಹಳೆಯ ಕೆ ಕ್ಲಬ್ ಹೋಟೆಲಿನ ಜಾಗದಲ್ಲಿ ರೆಸಾರ್ಟ್ ಕಟ್ಟಲು ಮುಂದೆ ಬಂದಾಗ, ಆ ಯೋಜನೆಗೆ ಭೂ ಕಾಯಿದೆಯ ಕಟ್ಟುಪಾಡುಗಳು ತಗಲದಂತೆ ಆಂಟಿಗುವಾದ ಸಂಸತ್ತು ಪ್ಯಾರಡೈಸ್ ಫೌಂಡ್ ಎಂಬ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ದ್ವೀಪದ ಜನ ಒಮ್ಮತದಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಉದ್ಯೋಗ ಬೇಕೆನ್ನುವ ಯುವಕರು ಅಲ್ಲಿಯೂ ಇದ್ದಾರೆ. ಅವರ ಮಾತನ್ನು ದೂರದ ನಾವು ಹಗುರಾಗಿ ಕಾಣುವಂತಿಲ್ಲ.

2017ರ ಸೆಪ್ಟೆಂಬರ್ 6ರಂದು ಐದನೆಯ ದರ್ಜೆಯ ಇರ್ಮಾ ಚಂಡಮಾರುತ ಬಾರ್ಬುಡಾದ ಮೇಲೆ ಹಾದುಹೋಯಿತು. ಬಹುಪಾಲು ಕಟ್ಟಡಗಳು ನೆಲಕಚ್ಚಿದವು ಇಲ್ಲವೇ ಜಖಂಗೊಂಡವು. ಹಿಂದೆಯೇ ಹೋಸೆ ಎಂಬ ಇನ್ನೊಂದು ಚಂಡಮಾರುತ ಬರುವ ಸೂಚನೆ ಇದ್ದುದರಿಂದ ಇಡೀ ದ್ವೀಪದ ಜನರನ್ನು ಆಂಟಿಗುವಾಕ್ಕೆ ಸಾಗಿಸಲಾಯಿತು. ಈವರೆಗಿನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ, ಜೀವ ಉಳಿಯಬೇಕಲ್ಲ! ಆದರೆ ಜನರಿನ್ನೂ ಆಶ್ರಯ ಶಿಬಿರಗಳಲ್ಲಿ ಇರುವಾಗಲೇ ಬಾರ್ಬುಡಾಕ್ಕೆ ಯಂತ್ರಗಳು ಬಂದಿಳಿದವು. ಕುಸಿದ ಮನೆಗಳನ್ನು ಎತ್ತಲು ಅಲ್ಲ, ಕಾಡು ಕಡಿದು ವಿಮಾನ ನಿಲ್ದಾಣಕ್ಕೆ ನೆಲ ಸಮಮಾಡಲು. ಕೆಲವೇ ತಿಂಗಳಲ್ಲಿ ಭೂ ಕಾಯಿದೆಗೂ ತಿದ್ದುಪಡಿ ಬಂತು. ಸಾಮುದಾಯಿಕ ಒಡೆತನದ ಜಾಗದಲ್ಲಿ ಖಾಸಗಿ ಪಟ್ಟಾ ಬಂತು. ಪ್ರತಿ ಬಾರ್ಬುಡಾದವನಿಗೂ ತನ್ನ ನಿವೇಶನ ಒಂದು ಡಾಲರಿಗೆ ಎಂದು ಸರ್ಕಾರ ಘೋಷಿಸಿತು. ಇಡೀ ದ್ವೀಪದಲ್ಲಿ ಪಾಲಿದ್ದವನಿಗೆ ಒಂದು ನಿವೇಶನ ಅಗ್ಗವೋ ದುಬಾರಿಯೋ, ಓದುಗರೇ ಲೆಕ್ಕ ಹಾಕಲಿ.

ಓಷನ್ ಕ್ಲಬ್ಬಿನ ಒಂದು ಭಾಗ ಬರುತ್ತಿರುವ ಪಾಮೆಟ್ಟೊ ಪಾಯಿಂಟ್ ಕಾಡ್ರಿಂಗ್ಟನ್ ಹಿನ್ನೀರಿನ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 2005ರಿಂದ ಅದು ರಾಮ್ಸಾರ್ ಒಪ್ಪಂದದಡಿಯ ಜೌಗುಪ್ರದೇಶ. ಹಿನ್ನೀರಿನ ಕಾಂಡ್ಲಾ ಗಿಡಗಳ ಮೇಲೆ ಫ್ರಿಗೇಟ್ ಹಕ್ಕಿಗಳ ಅತಿ ದೊಡ್ಡ ವಸಾಹತುಗಳಲ್ಲೊಂದು ನೆಲೆಸಿದೆ. ಮರಿ ಮೀನು, ಮರಿ ಸಿಗಡಿ ಬೆಳೆಯುವುದೂ ಆ ಬೇರುಗಳ ನಡುವೆಯೇ. ಹಿನ್ನೀರಿಗೂ ಕಡಲಿಗೂ ನಡುವೆ ಇರುವುದು ಕಿರಿದಾದ ಮರಳಿನ ಪಟ್ಟಿ. ಇರ್ಮಾ ಅದನ್ನು ಒಂದು ಕಡೆ ಕೊರೆದು ಸಮುದ್ರವನ್ನು ಒಳಕ್ಕೆ ಬಿಟ್ಟಿತ್ತು. ಮರಳದಿಬ್ಬ ಎಂದರೆ ಬರಿಯ ಮರಳ ರಾಶಿಯಲ್ಲ. ಬಳ್ಳಿ ಹುಲ್ಲುಗಳ ಬೇರು ಅದನ್ನು ಹಿಡಿದಿಟ್ಟಿರುತ್ತದೆ, ಅಲೆಯ ಹೊಡೆತವನ್ನು ಮೊದಲು ತಿನ್ನುವುದು ಅದೇ. ಇಂಥ ದ್ವೀಪಗಳ ಮರಳು ಮತ್ತು ಸುಣ್ಣಕಲ್ಲಿನಡಿ ಮಳೆನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತಿರುತ್ತದೆ. ಮೇಲೆ ಗಾಲ್ಫ್ ಹುಲ್ಲಿಗೆ ಸುರಿದ ಸಾರಜನಕ ತಡೆಯುವ ಜೇಡಿಯಿಲ್ಲದೆ ನೇರ ಕೆಳಗಿಳಿದು ಆ ಪದರಕ್ಕೂ ಹಿನ್ನೀರಿಗೂ ಸೇರುತ್ತದೆ. ನಮ್ಮ ಜಂಬಿಟ್ಟಿಗೆ ಗುಡ್ಡದಲ್ಲಿ ಹಾಕಿದ ಗೊಬ್ಬರ ಒಂದು ಮಳೆಗಾಲ ಕಳೆದರೂ ಸ್ವಲ್ಪ ನಿಂತೀತು. ಅಲ್ಲಿ ನಿಲ್ಲದು.

ಬೆಟ್ಟದ ಪತ್ರಿಕೆಗೆ ಕಡಲ ದ್ವೀಪದ ಗೊಡವೆ ಏಕೆ ಎಂದು ಕೇಳುವವರಿರಬಹುದು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಕೊಟ್ಟ ಅಧಿಕಾರ, ಬಾರ್ಬುಡಾದವರಿಗೆ ಮರುವರ್ಷ ಸಿಕ್ಕ ಅಧಿಕಾರದ ಜಾತಿಯದೇ. ಅರಣ್ಯಭೂಮಿ ಬೇರೆ ಬಳಕೆಗೆ ಹೋಗುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಬೇಕೆಂದು 2009ರಲ್ಲಿ ಕೇಂದ್ರ ಸುತ್ತೋಲೆ ಹೊರಡಿಸಿತು. 2022ರ ನಿಯಮಗಳಲ್ಲಿ ಆ ಒಪ್ಪಿಗೆಯ ಸ್ಥಾನ ಕೇಂದ್ರದ ಅನುಮತಿಯ ಹಿಂದಕ್ಕೆ ಸರಿಯಿತು. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಊರು ಬಿಟ್ಟು ಶಿಬಿರ ಸೇರಿದವರನ್ನೂ ಕಂಡಿದ್ದೇವೆ. ಸೊಪ್ಪಿನಬೆಟ್ಟ, ಗೋಮಾಳಗಳ ಗಡಿ ಕಾಗದದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ದಿನವೂ ಅಲ್ಲಿ ಓಡಾಡುವವರ ಕಾಲಿನಲ್ಲಿರುತ್ತದೆ.

ಬಾರ್ಬುಡಾದವರು ಸುಮ್ಮನೆ ಕುಳಿತಿಲ್ಲ. ಅವರ ಕೊನೆಯ ನ್ಯಾಯಪೀಠ ಲಂಡನ್ನಿನ ಪ್ರಿವಿ ಕೌನ್ಸಿಲ್. 1949ರವರೆಗೆ ನಮ್ಮ ಉತ್ತರ ಕನ್ನಡದ ವ್ಯಾಜ್ಯಗಳ ಕೊನೆಯ ಮೆಟ್ಟಿಲೂ ಅದೇ ಆಗಿತ್ತು. ಭೂ ಕಾಯಿದೆಯ ತಿದ್ದುಪಡಿಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 2022ರ ಜೂನಿನಲ್ಲಿ ಅವರು ಸೋತರು. ಸಾಮುದಾಯಿಕ ನೆಲದಲ್ಲಿ ಅವರಿಗಿದ್ದುದು ಸಂವಿಧಾನ ಕಾಯುವ ಬಗೆಯ ಆಸ್ತಿಹಕ್ಕಲ್ಲ ಎಂದಿತು ಪೀಠ. ವಿಮಾನ ನಿಲ್ದಾಣವನ್ನು ಪ್ರಶ್ನಿಸಿದವರು ಸಾಗರ ಜೀವವಿಜ್ಞಾನಿಯೂ ಶಾಲಾ ಮುಖ್ಯಸ್ಥರೂ ಆಗಿದ್ದ ಜಾನ್ ಮಸಿಂಗ್ಟನ್ ಮತ್ತು ಶಿಕ್ಷಕಿಯಾಗಿದ್ದ ಜಾಕ್ಲಿನ್ ಫ್ರಾಂಕ್. ಆ ಮೊಕದ್ದಮೆ ಹೂಡಲು ಇವರಿಗೆ ಅಧಿಕಾರವೇ ಇಲ್ಲವೆಂದು ಕೆಳಗಿನ ಪೀಠ ಹೇಳಿತ್ತು. ಇದೆ ಎಂದು ಪ್ರಿವಿ ಕೌನ್ಸಿಲ್ 2024ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಿಲ್ದಾಣದ ಉದ್ಘಾಟನೆಯಾಯಿತು.