ಮೊದಲು ನಿದಾನ, ಆಮೇಲೆ ಔಷಧ

ದೂರದ ಊರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟುಕೊಂಡಿದ್ದಾರೆ. ಮೀನು ಸಪ್ಪಗಾದ ಕೂಡಲೇ ಅದರ ಚಿತ್ರ ಕಳಿಸಿ, "ಸರ್, ಯಾವ ಔಷಧ ಹಾಕ್ಲಿರಿ?" ಎಂದು ಕೇಳುತ್ತಾರೆ. ವಿಜ್ಞಾನದ ಮೇಷ್ಟ್ರಿಗೆ ಎಲ್ಲವೂ ತಿಳಿದಿರುತ್ತದೆಂಬ ಅವರ ನಂಬಿಕೆಗೆ ನಾನು ಋಣಿ. ಆದರೆ "ಮೀನಿಗೆ ಏನಾಗಿದೆ?" ಎಂದು ಅವರಲ್ಲಿ ಒಬ್ಬರೂ ಕೇಳಿಲ್ಲ. ಕೇಳದೆ ಉಳಿದ ಆ ಪ್ರಶ್ನೆಯ ಪರವಾಗಿ ಈ ಲೇಖನ.

ಕೊಡ್ಲಿಯ ಮೇಷ್ಟ್ರಿಗೂ ಕಡಲ ಮೀನಿಗೂ ಏನು ಸಂಬಂಧವೆಂದು ನಗಬೇಡಿ. ನಮ್ಮ ಮನೆಗಳಿಗೆ ಹಾಸಿರುವ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದ ಕೆಸರಾಗಿತ್ತು. ಅದಿರಲಿ, ರೋಗ ಗುರುತಿಸುವ ವಿದ್ಯೆಯನ್ನು ಕಲಿಯಲು ಕಡಲತೀರಕ್ಕೆ ಹೋಗಬೇಕಾಗಿಲ್ಲ. ನಮ್ಮ ತೊಗರಿ ಹೊಲವೇ ಸಾಕು. ನೆಟೆ ರೋಗ ಬಂದ ಗಿಡ ಬಾಡಿ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಗೊಡ್ಡು ರೋಗ ಬಂದ ಗಿಡ ಹಸಿರಾಗಿ ಪೊದೆಯಂತೆ ನಿಂತಿದ್ದರೂ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಮೊದಲನೆಯದು ಮಣ್ಣಿನ ಶಿಲೀಂಧ್ರದಿಂದ ಬರುವುದು. ಎರಡನೆಯದು ನುಸಿ ಹರಡುವ ವೈರಾಣುವಿನಿಂದ ಬರುವುದು. ಎರಡಕ್ಕೂ ಒಂದೇ ಎಣ್ಣೆ ಹೊಡೆಯುವವನನ್ನು ಕಂಡು ಊರಿನ ಹಿರಿಯರು ನಗುತ್ತಾರೆ. ಅದೇ ಊರಿನ ಮಕ್ಕಳು ಪದವಿ ಪಡೆದು ಪಟ್ಟಣ ಸೇರಿದ ಮೇಲೆ ಎಲ್ಲ ರೋಗಕ್ಕೂ ಅಂಗಡಿಯ ಒಂದೇ ಬಾಟಲಿ ಸುರಿಯುತ್ತಾರೆಂದರೆ ಏನು ಹೇಳೋಣ?

ಬಾಟಲಿಯ ಪರ ವಾದಿಸುವವರ ಮೊದಲ ಮಾತು, "ಹೋದ ಸಲ ಅದರಿಂದಲೇ ಗುಣವಾಯಿತು" ಎಂಬುದು. ಇದನ್ನು ಪರೀಕ್ಷಿಸೋಣ. ಕಡಲ ಮೀನಿನ ಬಿಳಿಚುಕ್ಕೆ ರೋಗಕ್ಕೆ ಕಾರಣವಾದ ಏಕಕೋಶ ಜೀವಿಗೆ ೧೯೫೧ರಲ್ಲಿ ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂದು ಹೆಸರಿಡಲಾಯಿತು. ಅದು ಮೀನಿನ ಚರ್ಮ ಹಾಗೂ ಕಿವಿರುಗಳಲ್ಲಿ ಕೆಲವೇ ದಿನ ಇದ್ದು, ತಾನಾಗಿಯೇ ಕಳಚಿಕೊಂಡು ತಳಕ್ಕಿಳಿದು ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ನೂರಾರು ಮರಿಗಳಾಗಿ ಒಡೆದು, ದಿನಗಳು ಅಥವಾ ವಾರಗಳು ಕಳೆದ ಮೇಲೆ ಮತ್ತೆ ಮೀನನ್ನು ಅರಸಿ ಹೊರಡುತ್ತದೆ. ಚುಕ್ಕೆ ಮಾಯವಾದ ದಿನ ಮನೆಯವರು ಔಷಧ ಗೆದ್ದಿತೆಂದು ಸಂತೋಷಪಡುತ್ತಾರೆ. ಗೆದ್ದದ್ದು ರೋಗ, ಅದು ಎರಡನೆಯ ದಾಳಿಗೆ ತಳದಲ್ಲಿ ಸೈನ್ಯ ಕಟ್ಟುತ್ತಿದೆ. ಬಾಟಲಿಯಲ್ಲಿ ಬರಿಯ ಬಣ್ಣದ ನೀರಿದ್ದರೂ ಚುಕ್ಕೆ ಅದೇ ದಿನ ಮಾಯವಾಗುತ್ತಿತ್ತು.

ಇನ್ನು, ಮೈಮೇಲೆ ಬಿಳುಪು ಕಂಡದ್ದೆಲ್ಲ ಒಂದೇ ರೋಗವಲ್ಲ. ಉಪ್ಪಿನ ಹರಳಿನಂತಹ ಬಿಡಿಬಿಡಿ ಚುಕ್ಕೆಗಳಿದ್ದರೆ ಬಿಳಿಚುಕ್ಕೆ ರೋಗವೆಂದು ಶಂಕಿಸಬಹುದು. ನವಿರಾದ ಧೂಳು ಮೆತ್ತಿದಂತಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ಅಮೈಲೊಡಿನಿಯಮ್ ಇರಬಹುದು. ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರುಪದರಾಗಿ ಸುಲಿಯುತ್ತಿದ್ದರೆ ಬ್ರೂಕ್ಲಿನೆಲ್ಲಾ ಇರಬಹುದು. ಮೊದಲೆರಡಕ್ಕೆ ತಾಮ್ರದ ಚಿಕಿತ್ಸೆ ಉಂಟು. ಮೂರನೆಯದಕ್ಕೆ ಅದು ನಾಟುವುದಿಲ್ಲ, ಫಾರ್ಮಾಲಿನ್ ಬೇಕು. ರೆಕ್ಕೆಯಂಚಿನಲ್ಲಿ ಹೂಕೋಸಿನಂತಹ ಗಂಟು ಕಂಡರೆ ಬಹುತೇಕ ಲಿಂಫೊಸಿಸ್ಟಿಸ್ ಎಂಬ ವೈರಾಣು ರೋಗ. ಅದಕ್ಕೆ ಮದ್ದೇ ಇಲ್ಲ. ನೀರು, ಆಹಾರ ಚೆನ್ನಾಗಿದ್ದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಖಚಿತಪಡಿಸಲು ಚರ್ಮದ ಲೋಳೆಯನ್ನು ಸವರಿ ಸೂಕ್ಷ್ಮದರ್ಶಕದಡಿ ನೋಡಬೇಕು. ಹೈಸ್ಕೂಲಿನ ಪ್ರಯೋಗಶಾಲೆಯ ಸೂಕ್ಷ್ಮದರ್ಶಕವೇ ಸಾಕು. ನೀವೆಲ್ಲ ಅದರಲ್ಲಿ ಈರುಳ್ಳಿ ಪೊರೆ ನೋಡಿದವರೇ.

ಎಷ್ಟೋ ಸಲ ರೋಗ ಮೀನಿನಲ್ಲಿ ಇರುವುದೇ ಇಲ್ಲ, ನೀರಿನಲ್ಲಿರುತ್ತದೆ. ಅಮೋನಿಯಾ ಹೆಚ್ಚಿದರೆ ಕಿವಿರು ಸುಡುತ್ತದೆ. ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತದೆ. ಕಡಲ ನೀರು ಕ್ಷಾರೀಯ, ಅದರ ಪಿಎಚ್ ೮ಕ್ಕಿಂತ ಮೇಲಿರುತ್ತದೆ. ಅಲ್ಲಿ ಅಮೋನಿಯಾದ ವಿಷ ಇನ್ನೂ ತೀವ್ರ. ಕಲಬುರ್ಗಿಯ ಬೇಸಿಗೆಯಲ್ಲಿ ಕರೆಂಟು ಹೋಗಿ ಪಂಪು ನಿಂತರೂ ಇದೇ ಲಕ್ಷಣ, ಏಕೆಂದರೆ ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಇಂತಹ ಹೊತ್ತಿನಲ್ಲಿ ಬೇಕಾದದ್ದು ಗಾಳಿ ಮತ್ತು ಹೊಸ ಉಪ್ಪುನೀರು. ಅದರ ಬದಲು ಆಂಟಿಬಯೋಟಿಕ್ ಪುಡಿ ಹಾಕಿದರೆ, ಅಮೋನಿಯಾವನ್ನು ಕರಗಿಸುತ್ತಿದ್ದ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯಬಹುದು. ಆಗ ಮೀನನ್ನು ಕೊಂದದ್ದು ಚಿಕಿತ್ಸೆಯೇ.

ಆ ಪುಡಿಯ ಅಪಾಯ ತೊಟ್ಟಿಯಲ್ಲೇ ನಿಲ್ಲುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳಾದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ೧೯೯೪ರಲ್ಲೇ ಒಂದು ಅಧ್ಯಯನ ಪ್ರಕಟಿಸಿದರು. ಸಿಗಡಿ ಮರಿಗಳ ಸಾಮೂಹಿಕ ಸಾವಿಗೆ ಕಾರಣವಾದ ವಿಬ್ರಿಯೋ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದಂತಾಗಿತ್ತು ಎಂಬುದನ್ನು ಅದು ತೋರಿಸಿತು. ಮದ್ದು ಹೆಚ್ಚು ಬಳಸಿದಷ್ಟೂ ಮದ್ದಿಗೆ ಬಗ್ಗದ ಸಂತತಿ ಬೆಳೆಯುತ್ತದೆ. ನೀವು ಚರಂಡಿಗೆ ಚೆಲ್ಲುವ ತೊಟ್ಟಿಯ ನೀರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಸರಿಯಾದ ಮದ್ದಿಗೂ ಲೆಕ್ಕ ಬೇಕು. ಬಿಳಿಚುಕ್ಕೆಗೆ ತಾಮ್ರದ ಪ್ರಮಾಣ ಲೀಟರಿಗೆ ೦.೧೫ರಿಂದ ೦.೨೦ ಮಿಲಿಗ್ರಾಂ, ಅದೂ ಮೂರರಿಂದ ಆರು ವಾರ. ೨೦೦ ಲೀಟರಿನ ತೊಟ್ಟಿಗೆ ಹೆಚ್ಚೆಂದರೆ ೪೦ ಮಿಲಿಗ್ರಾಂ. ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಹವಳ, ಸಿಗಡಿಗಳಿಗಂತೂ ತಾಮ್ರ ವಿಷವೇ. ಹವಳದ ಕಲ್ಲು ನಮ್ಮ ಶಹಾಬಾದ್ ಕಲ್ಲಿನಂತೆಯೇ ಸುಣ್ಣದ ಕಲ್ಲು. ಅದು ತಾಮ್ರವನ್ನು ಹೀರಿ ಲೆಕ್ಕ ಕೆಡಿಸುತ್ತದೆ. ಆದ್ದರಿಂದ ಚಿಕಿತ್ಸೆಯನ್ನು ಮರಳು, ಕಲ್ಲು ಇಲ್ಲದ ಬೇರೆ ತೊಟ್ಟಿಯಲ್ಲಿ, ದಿನವೂ ಅಳೆದು ಮಾಡಬೇಕು. ಇದನ್ನು ಚಮಚದ ಅಂದಾಜಿಗೆ ಬಿಡುವವರಿಗೆ ನಾನು ಗಣಿತದಲ್ಲಿ ಸೊನ್ನೆ ಕೊಡುತ್ತೇನೆ.

"ಮೀನಿಗೆ ವೈದ್ಯರು ಎಲ್ಲಿದ್ದಾರೆ?" ಎಂಬುದು ಎರಡನೆಯ ವಾದ. ಮಂಗಳೂರಿನ ಆ ಕಾಲೇಜು ಆರಂಭವಾದದ್ದು ೧೯೬೯ರಲ್ಲಿ. ಇಂದು ಅದು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ಪಕ್ಕದ ಬೀದರಿನಲ್ಲಿದೆ. ಮೀನಿನ ರೋಗಗಳನ್ನು ಓದಿ ಪದವಿ ಪಡೆದವರು ನಾಡಿನಲ್ಲಿದ್ದಾರೆ. ಗಿರಾಕಿ ಅಂಗಡಿಯವನನ್ನೇ ವೈದ್ಯನೆಂದು ಒಪ್ಪಿಕೊಂಡಿರುವವರೆಗೆ ಅವರನ್ನು ಯಾರು ಕರೆಯುತ್ತಾರೆ?

"ಒಂದು ಮೀನಿಗೆ ಇಷ್ಟೊಂದು ತಲೆನೋವೇ? ಸತ್ತರೆ ಇನ್ನೊಂದು ತಂದರಾಯಿತು" ಎಂಬುದು ಕೊನೆಯ ವಾದ, ನನಗೆ ಅತ್ಯಂತ ಬೇಸರ ತರುವುದೂ ಇದೇ. ಮನೆತೊಟ್ಟಿಯ ಕಡಲ ಮೀನುಗಳಲ್ಲಿ ಕ್ಲೌನ್ ಮೀನಿನಂತಹ ಕೆಲವನ್ನು ಬಿಟ್ಟರೆ ಹೆಚ್ಚಿನ ಜಾತಿಗಳನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ನಿಮ್ಮ ತೊಟ್ಟಿಯಲ್ಲಿ ಒಂದು ಸತ್ತರೆ ಕಡಲಿನಿಂದ ಇನ್ನೊಂದು ಹೊರಡಬೇಕು. ಕಡಲಿನಲ್ಲಿ ಅದಕ್ಕೆ ಓಡಿಹೋಗಲು ಜಾಗವಿತ್ತು. ಗಾಜಿನೊಳಗೆ ಅದರ ನೀರು, ಗಾಳಿ, ಅನ್ನ ಎಲ್ಲವೂ ನಿಮ್ಮ ಕೈಯಲ್ಲಿದೆ. ಹಾಗೆ ಕೈಗೆ ಸಿಕ್ಕ ಜೀವದ ಮೇಲೆ "ಹಾಕಿ ನೋಡೋಣ" ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ ತೊಟ್ಟಿ ಇಟ್ಟುಕೊಂಡವರು ಮೂರು ವಸ್ತು ಇಟ್ಟುಕೊಳ್ಳಲಿ: ನೀರು ಪರೀಕ್ಷಿಸುವ ಕಿಟ್ಟು, ಹೊಸ ಮೀನನ್ನು ಕೆಲವು ವಾರ ಪ್ರತ್ಯೇಕವಾಗಿಡಲು ಒಂದು ಸಣ್ಣ ತೊಟ್ಟಿ, ಕಂಡದ್ದನ್ನು ತಾರೀಖಿನೊಡನೆ ಬರೆದಿಡಲು ಒಂದು ನೋಟ್‌ಬುಕ್. ಇಷ್ಟಕ್ಕೆ ವ್ಯವಧಾನವಿಲ್ಲದವರು ಕಡಲ ಮೀನು ಸಾಕದಿರುವುದೇ ಲೇಸು.

ರೋಗ ಗುರುತಿಸುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ನಿದಾನ. ಅದಕ್ಕೂ ನಿಧಾನಕ್ಕೂ ಒಂದು ಮಹಾಪ್ರಾಣದ ಅಂತರವಷ್ಟೇ. ಎರಡೂ ಇದ್ದವರು ಮುಂದಿನ ಸಲ ನನಗೆ ಚಿತ್ರದ ಜೊತೆ ನೀರಿನ ಅಳತೆಗಳನ್ನೂ ಬರೆದು ಕಳಿಸಲಿ. ಉತ್ತರಿಸುತ್ತೇನೆ.